ದವಡೆ ಮರಗಟ್ಟುವ ಹತ್ತು ನಿಮಿಷ

…ಗಡಿಯಾರ ನೋಡಬೇಡಿ ಯಜಮಾನ್ರೇ, ಮೂರು ಗಂಟೆಗೆ ಇನ್ನೂ ಐವತ್ತು ನಿಮಿಷ ಇದೆ. ನೀವು ಹಾಗೆ ಕತ್ತು ತಿರುಗಿಸಿದ್ರೆ ಈ ಡ್ರಿಲ್ಲು ಎಲ್ಲಿಗೆ ಹೋಗುತ್ತೆ ಅಂತ ನಾನು ಹೇಳೋಕಾಗಲ್ಲ. ಮೇಲಕ್ಕೆ ಹೋದ್ರೆ ಕಷ್ಟ. ವಾಸನೆ ಮೂಸೋ ಯಂತ್ರ ಮಾಡೋ ಮೂಗಿನ ಕಂಪನಿ ಯಜಮಾನ್ರಿಗೇ ಮೂಗಿಲ್ಲ ಅಂತ ಆಗಿಬಿಡುತ್ತೆ.

ನಗಬೇಡಿ. ದವಡೆ ಮಧ್ಯೆ ಇಟ್ಟಿರೋ ರಬ್ಬರ್ ತುಂಡು ಜಾರುತ್ತೆ. ಈ ನಳಿಗೆ ನೀವೇ ಹಿಡ್ಕೊಳ್ಳಿ, ಹಾಂ, ಕೆನ್ನೆ ಒಳಗೆ. ಎಂಜಲು ಎಳ್ಕೊಳ್ಳುತ್ತೆ. ಶಬ್ದಕ್ಕೆ ಹೆದರಬೇಡಿ.

ಈ ಹಲ್ಲು ಏನಾದ್ರೂ ಗಟ್ಟಿ ಕಡಿದು ಸೀಳಿದ್ದಲ್ಲ. ಇದು ರಾತ್ರಿಯೆಲ್ಲ ಹಲ್ಲು ಅರೆದು ಸೀಳಿದ್ದು. ನಿನ್ನೆ ಸಾಯಂಕಾಲ ಲಿಫ್ಟಿನಲ್ಲಿ ಆ ಪೋಸ್ಟರ್ ನೋಡಿದ ಮೇಲೆ ತಾನೇ? ಹಲ್ಲು ಮಸೆಯೋದು ಮಾತಿಗೆ ಸರಿ ಯಜಮಾನ್ರೇ, ದವಡೆಗೆ ಸರಿಯಲ್ಲ.

"ಉಂ" ಅಂದ್ರೆ ಏನು? ಹೌದಾ, ಅಲ್ವಾ? ಒಂದು ಬೆರಳು ಎತ್ತಿದ್ರೆ ಹೌದು, ಎರಡು ಎತ್ತಿದ್ರೆ ನೋಯ್ತಾ ಇದೆ. ಅಲ್ಲ ಅನ್ನೋದಕ್ಕೆ ಬೆರಳಿಲ್ಲ. ನನ್ನ ಹತ್ರ ಬಂದವರು ಯಾರೂ ಅಲ್ಲ ಅನ್ನಲ್ಲ.

ಆಯ್ತು, ಕೋಪದ ವಿಷಯ ಬಿಡಿ, ಒಂದು ತಮಾಷೆ ಹೇಳ್ತೀನಿ. ಹೋದ ತಿಂಗಳು ಒಬ್ಬಳು ಹುಡುಗಿ ಬಂದಿದ್ಲು, ಯೂನಿವರ್ಸಿಟಿಯವಳು. ನಿಮ್ಮ ಆಫೀಸಿಗೂ ಬಂದಿರಬೇಕು. ಕನ್ನಡಕ, ಬೆನ್ನಿಗೆ ಚೀಲ, ಕೈಯಲ್ಲಿ ಪ್ರಶ್ನೆಗಳ ಹಾಳೆ. ಹಾಂ, ಅವಳೇ. ಹೈಟೆಕ್ ಕಂಪನಿಗಳು ಹತ್ತಿಪ್ಪತ್ತು ವರ್ಷ ಬದುಕಿ ಉಳಿಯೋದಕ್ಕೆ ಏನು ಕಾರಣ ಅಂತ ಪಿಎಚ್‌ಡಿ ಮಾಡ್ತಾ ಇದ್ದಾಳಂತೆ. ಈ ಬಿಲ್ಡಿಂಗಿನ ಎಲ್ಲಾ ಮಹಡಿ ಹತ್ತಿದ್ಲು, ಎಲ್ಲರನ್ನೂ ಕೇಳಿದ್ಲು. ವಾಚ್‌ಮನ್ನನ್ನೂ ಕೇಳಿದ್ಲು. ನನ್ನನ್ನ ಕೇಳಲಿಲ್ಲ. ಹದಿನೆಂಟು ವರ್ಷದಿಂದ ನೆಲಮಹಡಿಯಲ್ಲಿ ಕೂತಿದ್ದೀನಿ. ಮೇಲೆ ಹನ್ನೊಂದು ಕಂಪನಿ ಬಂದಿವೆ, ಒಂಬತ್ತು ಹೋಗಿವೆ, ಹನ್ನೊಂದೂ ಜನ ಯಜಮಾನರ ಬಾಯೊಳಗೆ ನಾನು ದೀಪ ಹಿಡಿದು ನೋಡಿದ್ದೀನಿ. ನನ್ನನ್ನ ಕೇಳಲಿಲ್ಲ. ಹಿತ್ತಲ ಗಿಡ ಮದ್ದಲ್ಲ, ನೆಲಮಹಡಿ ಡಾಕ್ಟರು ಮೇಧಾವಿಯಲ್ಲ.

ಆದ್ರೆ ಹೋಗುವಾಗ ಮೆಟ್ಟಿಲ ಮೇಲೆ ಎಡವಿ ಮುಂದಿನ ಹಲ್ಲಿನ ತುದಿ ಮುರ್ಕೊಂಡ್ಲು. ಎಲ್ಲಿಗೆ ಬರಬೇಕು? ಇಲ್ಲಿಗೇ ಬಂದ್ಲು. ಇದೇ ಕುರ್ಚಿ.

ಕುರ್ಚಿಯಲ್ಲಿ ಕೂತ ಮೇಲೆ ಅವಳೇ ಹೇಳಿದ್ಲು, ನಾನು ಕೇಳಲೂ ಇಲ್ಲ. ಈ ಕುರ್ಚಿಯ ಗುಣ ಅದು. ಚುಚ್ಚುಮದ್ದು ಕೊಟ್ಟ ಮೇಲೆ ದವಡೆ ಮರಗಟ್ಟೋದಕ್ಕೆ ಹತ್ತು ನಿಮಿಷ ಬೇಕು ನೋಡಿ. ಆ ಹತ್ತು ನಿಮಿಷ ಸುಮ್ಮನೆ ಮಲಗಿ ಚಾವಣಿ ನೋಡ್ತಾ ಇರಬೇಕು. ಈ ಡಾಕ್ಟರಮ್ಮ ಮುಂದೆ ಏನು ಮಾಡ್ತಾಳೋ ಅಂತ ಭಯ ಬೇರೆ. ಹೆದರಿದ ಮನುಷ್ಯ ಮಾತಾಡೇ ಆಡ್ತಾನೆ. ಹೆಂಡತಿ ಹತ್ರ ಹೇಳದ್ದು, ವಕೀಲರ ಹತ್ರ ಹೇಳದ್ದು, ಎಲ್ಲಾ ಬರುತ್ತೆ. ಬಾಯಿ ಬಿಡಿಸೋದೇ ನನ್ನ ಕಸುಬು ಅಂದ್ರೆ ಸುಮ್ಮನೇನಾ?

ಅವಳು ಏನಂದ್ಲು ಗೊತ್ತಾ… ಸ್ವಲ್ಪ ನೋಯುತ್ತೆ ಈಗ, ಒಂದೇ ಕ್ಷಣ. ಆಯ್ತು. ಏನಂದ್ಲು ಅಂದ್ರೆ, ಸಾವಿರ ಕಂಪನಿ ತಗೊಂಡ್ರೆ ಅರ್ಧಕ್ಕಿಂತ ಹೆಚ್ಚು ಮೊದಲ ಐದಾರು ವರ್ಷದಲ್ಲೇ ಉದುರಿಹೋಗ್ತವಂತೆ. ಅದನ್ನ ದಾಟಿದವು ಸ್ವಲ್ಪ ಗಟ್ಟಿ. ನಾನಂದೆ, ಇದಕ್ಕೆ ಪಿಎಚ್‌ಡಿ ಯಾಕಮ್ಮ, ಹಾಲುಹಲ್ಲು ಅಂದ್ರೆ ಹಾಗೇ. ಅವಳು ಬರ್ಕೊಂಡ್ಲು. ನಿಜವಾಗಲೂ, ಮಲಗಿದ್ದ ಹಾಗೇ ಚೀಲದಿಂದ ಪೆನ್ನು ತೆಗೆದು ಬರ್ಕೊಂಡ್ಲು.

ಆಮೇಲೆ, ಕಂಪನಿ ಶುರುಮಾಡಿದವನು ಮೊದಲು ಎಲ್ಲಿ ಕೆಲಸ ಮಾಡ್ತಿದ್ದ ಅನ್ನೋದು ಮುಖ್ಯವಂತೆ. ಒಳ್ಳೆ ಕಂಪನಿಯಲ್ಲಿ ಪಳಗಿ ಹೊರಗೆ ಬಂದವನು ಬಾಳ್ತಾನಂತೆ. ಆಮೇಲೆ ಹೊಸದು ಮಾಡ್ತಾ ಇರಬೇಕು, ಆದ್ರೆ ಹುಚ್ಚು ಹಿಡಿದ ಹಾಗೆ ಅಲ್ಲ. ಆಮೇಲೆ ಬಹಳ ದಿನ ಜೊತೆಗಿರೋ ಜನ ಬೇಕು, ಎಲ್ಲಿ ಎಡವಿದ್ದೆವು ಅಂತ ನೆನಪಿಟ್ಟುಕೊಳ್ಳೋದಕ್ಕೆ. ಆಮೇಲೆ ಒಂದು ವಿಚಿತ್ರ ಅಂದ್ಲು. ಅಕ್ಕಪಕ್ಕದಲ್ಲಿ ಅಂಥದ್ದೇ ಕಂಪನಿಗಳಿದ್ರೆ ಹೆಚ್ಚು ದಿನ ಬದುಕ್ತಾರಂತೆ, ಒಂಟಿಯಾಗಿದ್ದವರಿಗಿಂತ. "ಯಾಕೆ ಅಂತ ಸರಿಯಾಗಿ ಗೊತ್ತಿಲ್ಲ ಡಾಕ್ಟ್ರೇ, ಒಬ್ಬರಿಂದ ಒಬ್ಬರಿಗೆ ಜ್ಞಾನ ಹೇಗೋ ಹರಿಯುತ್ತೆ, ಗಾಳಿಯಲ್ಲಿ ಇರೋ ಹಾಗೆ" ಅಂದ್ಲು.

ಗಾಳಿಯಲ್ಲಂತೆ. ನಾನು ಏನೂ ಹೇಳಲಿಲ್ಲ. ಹಲ್ಲಿನ ತುದಿ ಸರಿಮಾಡಿ ಕಳಿಸಿದೆ.

ಏನು? ಬೆರಳು ಯಾಕೆ ತಿರುಗಿಸ್ತಾ ಇದ್ದೀರಿ? ಬೇಗ ಮುಗಿಸಿ ಅಂತಾನಾ? ಬೇಗ ಮುಗಿಸಿದ ಹಲ್ಲೂ ಬೇಗ ಶುರುಮಾಡಿದ ಕಂಪನಿಯೂ ಒಂದೇ. ನಾಲ್ಕನೇ ಮಹಡಿಯವನು ನೆನಪಿದ್ದಾನಾ, ನೀವೆಲ್ಲ "ಹೊಸದಣ್ಣ" ಅಂತಿದ್ರಲ್ಲ. ತಿಂಗಳಿಗೊಂದು ಹೊಸದು. ನೀರು ಕುಡೀರಿ ಅಂತ ಬೈಯೋ ಕೈಗಡಿಯಾರ. ದಾರಿ ತೋರಿಸೋ ಚಪ್ಪಲಿ, ಎಡದ್ದು ಒಂದು ಕಡೆ ಹೋಗು ಅನ್ನೋದು, ಬಲದ್ದು ಇನ್ನೊಂದು ಕಡೆ. ಮಾತು ಕೇಳಿ ತೆಗೆದುಕೊಳ್ಳೋ ಬೀಗ ಮಾಡಿದ. ನೆಗಡಿಯಾದ ದಿನ ಅವನ ದನಿ ಬೀಗಕ್ಕೆ ಗುರುತೇ ಸಿಗಲಿಲ್ಲ. ಒಂದೂವರೆ ಗಂಟೆ ಬಾಗಿಲ ಹೊರಗೆ ನಿಂತು "ನಾನೇ, ನಾನೇ" ಅಂತ ಕೂಗ್ತಾ ಇದ್ದ. ಕೊನೆಗೆ ಕೆಳಗೆ ಬಂದು ನನ್ನ ಹತ್ರ ಆವಿ ತಗೊಂಡು ಹೋದ. ಅವನ ಬಾಯಲ್ಲಿ ಏಳು ಹಲ್ಲು ನಾನು ಕೊರೆದು ಶುರುಮಾಡಿದ್ದೆ. ಏಳರಲ್ಲಿ ಒಂದಕ್ಕೂ ಎರಡನೇ ಸಲ ಬರಲಿಲ್ಲ. ಒಂದು ಮುಗಿಸೋಣ ಅಂದ್ರೆ ಇನ್ನೊಂದು ತೋರಿಸ್ತಿದ್ದ. ಹದಿನಾಲ್ಕು ತಿಂಗಳಿಗೆ ನೆಲ ಕಚ್ಚಿದ. ಆ ಹಲ್ಲಿನಲ್ಲಿ ನೆಲ ಕಚ್ಚೋದೂ ಕಷ್ಟವೇ, ಪಾಪ.

ಕಣ್ಣಿನ ಕಂಪನಿಯವರು ಅದಕ್ಕೆ ಉಲ್ಟಾ. ಬಾಟಲಿಯೊಳಗೆ ಕ್ಯಾಮೆರಾದಿಂದ ಕಸ ಹುಡುಕೋ ಯಂತ್ರ. ಆ ಯಜಮಾನ್ರ ಹಲ್ಲು ನೋಡಬೇಕಿತ್ತು ನೀವು, ಮೂವತ್ತೆರಡೂ ಮುತ್ತು. ಬದಲಾಯಿಸೋದು ಅನ್ನೋ ಮಾತೇ ಇಲ್ಲ. ಒಂದೇ ಬ್ರಷ್ಷು, ಒಂದೇ ಪೇಸ್ಟು, ಒಂದೇ ಯಂತ್ರ. ಬಾಟಲಿ ಹೋಗಿ ಪೊಟ್ಟಣ ಬಂತು ಅಂತ ಎಲ್ಲರೂ ಹೇಳಿದ್ರು, ಪೊಟ್ಟಣದೊಳಗೆ ಕ್ಯಾಮೆರಾ ಏನು ನೋಡುತ್ತೆ? "ಜನ ಬಾಟಲಿಗೆ ವಾಪಸ್ ಬರ್ತಾರೆ" ಅಂದ್ರು. ಕಣ್ಣಿನ ಕಂಪನಿ ಕಣ್ಣು ಮುಚ್ತು. ಮುತ್ತಿನಂಥ ಹಲ್ಲು ಬಿಟ್ಟುಕೊಂಡು ಸಾಮಾನು ಕಟ್ಟಿ ಹೋದ್ರು. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ.

ಈಗ ಮೇಲೆ ಉಳಿದಿರೋರು ಇಬ್ಬರೇ. ಮೂರನೇ ಮಹಡಿ ಮೂಗು, ಎರಡನೇ ಮಹಡಿ ಕಿವಿ. ಇಬ್ಬರೂ ಆರು ತಿಂಗಳಿಗೊಮ್ಮೆ ತಪ್ಪದೆ ಹಲ್ಲು ಕ್ಲೀನ್ ಮಾಡಿಸ್ಕೊಳ್ಳೋರು. ನೋಯೋದಕ್ಕೆ ಮುಂಚೆ ಬರೋರು. ಇದು ನನ್ನ ಸಿದ್ಧಾಂತ. ಆ ಹುಡುಗಿ ಕೇಳಿದ್ರೆ ಹೇಳ್ತಿದ್ದೆ.

ಆದ್ರೆ ನಿಮ್ಮ ವಿಷಯಕ್ಕೆ ಅವಳ ಹಾಳೆಯಲ್ಲಿ ಬೇರೆ ಏನೋ ಇತ್ತು. "ಮೂಗಿನ ಕಂಪನಿ ಏಳನೇ ವರ್ಷ ಸಾಯೋ ಸ್ಥಿತಿಯಲ್ಲಿತ್ತು. ಗ್ಯಾಸ್ ಸೋರಿಕೆ ಮೂಸೋ ಯಂತ್ರ ಬಿಟ್ಟು, ಹಾಲು ಕೆಟ್ಟಿದೆಯಾ ಅಂತ ಮೂಸಿ ಹೇಳೋ ಯಂತ್ರ ಮಾಡಿದ್ರು, ಬದುಕಿದ್ರು. ಈ ಆಲೋಚನೆ ಯಜಮಾನರಿಗೆ ಸ್ನಾನದ ಮನೆಯಲ್ಲಿ ಹೊಳೆಯಿತು." ಹಾಗಂತ ನೀವೇ ಹೇಳಿದ್ರಂತೆ.

…ಹೇಳಿದ್ರೋ ಇಲ್ವೋ? ಬೆರಳು ಎತ್ತಿ. ಹಾಂ.

ಯಜಮಾನ್ರೇ, ಸ್ನಾನದ ಮನೆಯಲ್ಲಿ ಅಲ್ಲ. ಇಲ್ಲಿ. ಹನ್ನೊಂದು ವರ್ಷದ ಹಿಂದೆ, ಇದೇ ಕುರ್ಚಿಯಲ್ಲಿ. ಎಡಗಡೆ ಕೆಳಗಿನ ಎರಡನೇ ಹಲ್ಲು, ಬೇಕಾದ್ರೆ ಕಾರ್ಡ್ ತೆಗೆದು ತೋರಿಸ್ತೀನಿ. ನೀವು ಚಾವಣಿ ನೋಡ್ತಾ "ಗ್ಯಾಸ್ ಯಂತ್ರ ಎಲ್ಲರೂ ಮಾಡ್ತಾ ಇದ್ದಾರೆ ಡಾಕ್ಟರಮ್ಮ, ನನ್ನ ಮೂಗು ಯಾರಿಗೂ ಬೇಡ" ಅಂದ್ರಿ. ನಾನಂದೆ, ಮೊನ್ನೆ ಕಣ್ಣಿನ ಕಂಪನಿಯವರು ಬಂದಿದ್ರು, ಹಾಲಿನ ಡೈರಿಯವರು ಅವರ ಹತ್ರ ಒಂದು ಯಂತ್ರ ಕೇಳಿದ್ರಂತೆ, ಕೆಟ್ಟ ಹಾಲು ಕಣ್ಣಿಗೆ ಕಾಣಲ್ಲ ಅಂತ ಕಳಿಸಿಬಿಟ್ರಂತೆ… ಅಂತ ಹೇಳಿದೆ. ಅಷ್ಟೇ ಹೇಳಿದ್ದು. ಕಣ್ಣಿಗೆ ಕಾಣದ್ದು ಮೂಗಿಗೆ ಗೊತ್ತಾಗುತ್ತೆ ಅಂತ ನೀವು ಅವತ್ತು ಅನ್ನಲಿಲ್ಲ. ಬಾಯಿ ಮರಗಟ್ಟಿತ್ತು. ಮನೆಗೆ ಹೋಗಿ ಸ್ನಾನ ಮಾಡಿದ್ರಿ ಅಂತ ಕಾಣುತ್ತೆ.

ಮುಖ ಕೆಂಪಗೆ ಮಾಡ್ಕೋಬೇಡಿ. ನಾನೇನು ಪಾಲು ಕೇಳ್ತಾ ಇಲ್ಲ. ಆ ಹುಡುಗಿಗೂ ಹೇಳಲಿಲ್ಲ. ಸ್ನಾನದ ಮನೆ ಅಂತಲೇ ಇರಲಿ, ಕೇಳೋದಕ್ಕೆ ಚೆನ್ನಾಗಿದೆ.

ಬಾಯಿ ಇನ್ನೂ ಸ್ವಲ್ಪ ಅಗಲ. ಹಾಂ.

ಈಗ ಕಿವಿಯವರ ಪೋಸ್ಟರ್ ವಿಷಯ. ನಾನೂ ನೋಡಿದೆ. ಕಿವಿ ಕೇಳಿಸದವರಿಗೆ ಯಂತ್ರ ಮಾಡ್ತಿದ್ದವರು ಇದ್ದಕ್ಕಿದ್ದ ಹಾಗೆ ಕಲ್ಲಂಗಡಿ ಚಿತ್ರ ಹಾಕಿಬಿಟ್ಟಿದ್ದಾರೆ. "ತಟ್ಟಿ ಕೇಳುತ್ತೆ, ಹಣ್ಣೋ ಕಾಯೋ ಹೇಳುತ್ತೆ." ಕಲ್ಲಂಗಡಿಗೆ ಒಂದು ದೊಡ್ಡ ಕಿವಿ ಬರೆದಿದ್ದಾರೆ. ಸ್ವಲ್ಪ ಅಸಹ್ಯವಾಗಿದೆ.

ಎರಡು ಬೆರಳು ಎತ್ತಿದ್ರಿ. ಹಲ್ಲು ನೋವಾ, ಪೋಸ್ಟರ್ ನೋವಾ? ಡ್ರಿಲ್ಲು ನಿಲ್ಲಿಸಿದ್ದೀನಲ್ಲ, ಹಲ್ಲು ನೋಯೋ ಹಾಗಿಲ್ಲ.

ಅದು ನಿಮ್ಮ ಆಲೋಚನೆ, ಗೊತ್ತು. ಹಣ್ಣು ಮೂಸಿದ್ರೆ ಸಾಲದು, ತಟ್ಟಿ ಕೇಳಬೇಕು. ಒಂದು ವರ್ಷದಿಂದ ಗುಟ್ಟಾಗಿ ಮಾಡ್ತಾ ಇದ್ರಿ. ನಿಮ್ಮ ಆಫೀಸಿನಲ್ಲಿ ನಿಮಗೆ ಬಿಟ್ರೆ ಒಬ್ಬನಿಗೇ ಗೊತ್ತಿದ್ದದ್ದು, ಉದ್ದಣ್ಣನಿಗೆ. ಹನ್ನೆರಡು ವರ್ಷದಿಂದ ನಿಮ್ಮ ಎಂಜಿನಿಯರ್. ಗೊತ್ತಿದ್ದವನು ಒಬ್ಬನೇ ಆದ್ರೆ ಹೇಳಿದವನೂ ಅವನೇ ಅಂತ ನಿನ್ನೆ ರಾತ್ರಿ ಹಲ್ಲು ಅರೆಯುತ್ತಾ ಅರೆಯುತ್ತಾ ಲೆಕ್ಕ ಹಾಕಿದ್ರಿ. ಇವತ್ತು ಮೂರು ಗಂಟೆಗೆ ಅವನನ್ನ ರೂಮಿಗೆ ಕರೆದಿದ್ದೀರಿ. ಕೆಲಸದಿಂದ ತೆಗೆಯೋ ಪತ್ರ ನಿಮ್ಮ ಕೋಟಿನ ಒಳಜೇಬಿನಲ್ಲಿದೆ.

…ಹುಬ್ಬು ಯಾಕೆ ಗಂಟು ಹಾಕ್ತೀರಿ? ಹೇಗೆ ಗೊತ್ತಾಯ್ತು ಅಂತಾನಾ? ನೀವೇ ಹೊರಗೆ ಬೆಂಚಿನ ಮೇಲೆ ಕೂತು ಫೋನಿನಲ್ಲಿ ಹೇಳ್ತಾ ಇದ್ರಿ, ಕೇಳಿಸ್ತು.

ಫೋನಿನಲ್ಲಿ ಹೇಳಲಿಲ್ವಾ? ಖಾಲಿ ಜೇಬು ತಟ್ಟಿ ಮೇಲಕ್ಕೆ ಕೈ ತೋರಿಸ್ತೀರಲ್ಲ, ಫೋನು ಆಫೀಸಿನಲ್ಲೇ ಬಿಟ್ಟು ಬಂದಿದ್ದೀರಾ. ಹಾಗಾದ್ರೆ… ಹಾಗಾದ್ರೆ ಯಾರೋ ಹೇಳಿದ್ರು ಅಂತಿಟ್ಕೊಳ್ಳಿ. ಟೈಪ್ ಮಾಡಿದವಳಿಗೂ ಬಾಯಿದೆಯಲ್ಲ. ಅದು ದೊಡ್ಡ ವಿಷಯ ಅಲ್ಲ. ಕೇಳಿ ಇಲ್ಲಿ.

ಉದ್ದಣ್ಣ ಹೇಳಿಲ್ಲ. ನಾನು ಬೇಕಾದ್ರೆ ಹಲ್ಲು ಮುಟ್ಟಿ ಪ್ರಮಾಣ ಮಾಡ್ತೀನಿ, ನಿಮ್ಮ ಹಲ್ಲು. ಹದಿನೆಂಟು ವರ್ಷದಲ್ಲಿ ಈ ಕುರ್ಚಿಯಲ್ಲಿ ಕೂತು ಒಂದೇ ಒಂದು ಮಾತು ಆಡದವನು ಅಂದ್ರೆ ಅವನೊಬ್ಬನೇ. ಕಾಲು ಉದ್ದ, ಕುರ್ಚಿ ಸಾಲಲ್ಲ, ಪಾದ ಎರಡೂ ಬಾಗಿಲ ಹೊರಗೆ ಇರುತ್ತೆ, ಬೆಂಚಿನಲ್ಲಿ ಕೂತವರು ಅವನ ಕಾಲುಚೀಲ ನೋಡಿ ಗುರುತು ಹಿಡೀತಾರೆ. ಚುಚ್ಚುಮದ್ದು ಕೊಡ್ತೀನಿ. ಹತ್ತು ನಿಮಿಷ. ನಾನೂ ಬಿಡಲ್ಲ. ಹೇಗಪ್ಪ ನಡೀತಾ ಇದೆ ಮೇಲೆ, ಹೊಸದೇನು, ಯಜಮಾನ್ರು ಬೈತಾರಾ… ಹೂಂ, ಉಹೂಂ. ಹೂಂ, ಉಹೂಂ. ಆಮೇಲೆ ನಿದ್ದೆ ಮಾಡಿಬಿಡ್ತಾನೆ. ನನ್ನ ಜೀವನದ ದೊಡ್ಡ ಸೋಲು ಅವನು. ಅವನ ಬಾಯಿಂದ ನಾನು ನಾಲ್ಕು ಹಲ್ಲು ಕಿತ್ತಿದ್ದೀನಿ, ಒಂದು ಸುದ್ದಿ ಕೀಳೋಕಾಗಲಿಲ್ಲ. ನನ್ನ ಹತ್ರ ಬಾಯಿ ಬಿಡದವನು ಕಿವಿಯವರ ಹತ್ರ ಬಿಡ್ತಾನಾ?

ನಿಮ್ಮ ಹಾಲಿನ ಯಂತ್ರ ಮೊದಲ ಸಲ ಪರೀಕ್ಷೆ ಮಾಡೋಕೆ ಕೆಳಗೆ ತಂದಿದ್ರಲ್ಲ, ನೆನಪಿದೆಯಾ? ನನ್ನ ಲವಂಗದೆಣ್ಣೆ ವಾಸನೆ ಮೂಸಿ, ಇಡೀ ಕ್ಲಿನಿಕ್ಕೇ ಕೆಟ್ಟುಹೋಗಿದೆ ಅಂತ ಮುಕ್ಕಾಲು ಗಂಟೆ ಕಿರುಚಿತು. ಬೆಂಚಿನಲ್ಲಿದ್ದವರೆಲ್ಲ ಓಡಿಹೋದ್ರು, ಒಬ್ಬರು ನನ್ನ ಏಪ್ರನ್ ಹಾಕ್ಕೊಂಡೇ ಹೋದ್ರು. ನೀವು ತಲೆ ಮೇಲೆ ಕೈ ಹೊತ್ತು ಕೂತ್ರಿ. ಉದ್ದಣ್ಣ ನೆಲದ ಮೇಲೆ ಮಲಗಿ, ಒಂದು ಡಬ್ಬಿ ಲವಂಗ ಅದರ ಮುಂದೆ ಇಟ್ಟು, ಮೂರು ದಿನ ಅದಕ್ಕೆ "ಇದು ಒಳ್ಳೇದು, ಇದು ಒಳ್ಳೇದು" ಅಂತ ಮಗುವಿಗೆ ಕಲಿಸೋ ಹಾಗೆ ಕಲಿಸಿದ. ಎಲ್ಲಿ ಎಡವಿದ್ದೆವು ಅಂತ ನೆನಪಿಟ್ಟುಕೊಳ್ಳೋ ಜನ ಅಂದ್ಲಲ್ಲ ಆ ಹುಡುಗಿ, ಅದು ಇವನೇ. ಅವನನ್ನ ಕಳಿಸಿದ್ರೆ ನಿಮ್ಮ ಮೂಗಿಗೆ ಹೊಸ ನೆಗಡಿ ಬಂದ ದಿನ ಯಾರನ್ನ ಕೇಳ್ತೀರಿ? ನನ್ನನ್ನ ಕೇಳಿದ್ರೆ ಆವಿ ತಗೊಳ್ಳಿ ಅಂತೀನಿ.

ಹಾಗಾದ್ರೆ ಯಾರು ಹೇಳಿದ್ದು ಅಂತ ಕಣ್ಣಲ್ಲೇ ಕೇಳ್ತಾ ಇದ್ದೀರಿ. ನನಗೇನು ಗೊತ್ತು. ಗೋಡೆಗೂ ಕಿವಿ ಇರುತ್ತೆ. ಎರಡನೇ ಮಹಡಿ ಗೋಡೆಗಂತೂ ಇದ್ದೇ ಇರುತ್ತೆ, ಅದೇ ಅವರ ವ್ಯಾಪಾರ. ಲಿಫ್ಟಿನಲ್ಲಿ ಮಾತಾಡಿರಬಹುದು ನೀವು. ಅಥವಾ ಅವರಿಗೇ ಸ್ನಾನದ ಮನೆಯಲ್ಲಿ ಹೊಳೆದಿರಬಹುದು.

ಏನು ಹಾಗೆ ನೋಡ್ತೀರಿ. ನೋಡಬೇಡಿ, ದೀಪ ಕಣ್ಣಿಗೆ ಹೊಡೆಯುತ್ತೆ. ಮುಚ್ಚಿ ಕಣ್ಣು.

ಸ್ವಲ್ಪ ಪಾಲಿಶ್ ಮಾಡ್ತೀನಿ. ಇನ್ನೂ ಸ್ವಲ್ಪ. ಈ ಮೂಲೆಯಲ್ಲಿ ಚೂರು ಒರಟಿದೆ. ನಾಲಿಗೆಗೆ ತಾಗುತ್ತೆ. ನಾಲಿಗೆಗೆ ಏನು ತಾಗಿದ್ರೂ ಅದು ಸುಮ್ಮನಿರಲ್ಲ, ಅಲ್ಲೇ ಹೋಗಿ ಹೋಗಿ ಮುಟ್ಟುತ್ತೆ. ಕೆಲವರ ನಾಲಿಗೆ ಹಾಗೇ, ಏನು ಮಾಡೋದು. ಕೆಟ್ಟದ್ದು ಅಂತಲ್ಲ. ಹುಟ್ಟುಗುಣ.

ಆಯ್ತು. ರಬ್ಬರ್ ತುಂಡು ತೆಗೀತಾ ಇದ್ದೀನಿ. ಬಾಯಿ ಮುಕ್ಕಳಿಸಿ. ಉಗೀರಿ. ಇನ್ನೊಂದು ಸಲ. ಒರೆಸ್ಕೊಳ್ಳಿ.

ಈಗ ಮಾತಾಡಬಹುದು ನೀವು.

…ಮಾತಾಡಬಹುದು ಅಂದೆ. ಬಲಗಡೆ ತುಟಿ ಸ್ವಲ್ಪ ತೊದಲುತ್ತೆ, ಮಿಕ್ಕಿದ್ದೆಲ್ಲ ಸರಿಯಾಗಿದೆ.

…ಯಜಮಾನ್ರೇ?

ಹಲ್ಲು ಕಚ್ಚಿ ನೋಡಿ, ಎತ್ತರ ಸರಿ ಇದೆಯಾ? ಇದೆ. ಒಳ್ಳೇದು. ಹಾಗಾದ್ರೆ ಏನಾದ್ರೂ ಹೇಳಿ. "ಎಷ್ಟು ಹೊತ್ತು ಮಾಡಿದ್ರಿ ಡಾಕ್ಟರಮ್ಮ" ಅನ್ನಿ, ಯಾವಾಗಲೂ ಅಂತೀರಲ್ಲ.

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ, ಹಾಗೆ ನಾನೇ ಯಾಕೆ ಮಾತಾಡ್ತಾ ಇದ್ದೀನಿ ಇಷ್ಟೊತ್ತಿನಿಂದ ಅಂತಾನಾ ನೋಡ್ತಾ ಇದ್ದೀರಿ? ಬಾಯಿಗೆ ರಬ್ಬರ್ ಇದ್ದಾಗ ನೀವು ಸುಮ್ಮನಿದ್ರೆ ನನಗೆ ಏನೂ ಅನ್ಸೋದಿಲ್ಲ. ಹದಿನೆಂಟು ವರ್ಷದ ಅಭ್ಯಾಸ. ಈಗ ಹೀಗೆ ಸುಮ್ಮನಿದ್ರೆ… ಈ ಕೋಣೆ ಇಷ್ಟು ನಿಶ್ಶಬ್ದವಾಗಿರುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ. ಆ ನಳಿಗೆಯಾದ್ರೂ ಹಾಕಲಾ, ಶಬ್ದ ಇರುತ್ತೆ.

ಸರಿ.

ನಿಮ್ಮ ಆಫೀಸಿನಲ್ಲಿ ಉದ್ದಣ್ಣನೊಬ್ಬನಿಗೇ ಗೊತ್ತಿದ್ದದ್ದು ಅಂದೆ. ಆಫೀಸಿನ ಹೊರಗೆ ಇನ್ನೊಬ್ಬರಿಗೆ ಗೊತ್ತಿತ್ತು. ಮೂರು ತಿಂಗಳ ಹಿಂದೆ ನೀವು ಬಂದಿದ್ರಿ, ಮೇಲಿನ ಹಲ್ಲು, ಚುಚ್ಚುಮದ್ದು ಕೊಟ್ಟಿದ್ದೆ. ಹತ್ತು ನಿಮಿಷ. "ಕಲ್ಲಂಗಡಿ ಮೂಸಿದ್ರೆ ಏನೂ ಗೊತ್ತಾಗಲ್ಲ ಡಾಕ್ಟರಮ್ಮ, ತಟ್ಟಿ ಕೇಳಬೇಕು, ಯಾರಿಗೂ ಹೇಳಬೇಡಿ" ಅಂದ್ರಿ. ನಾನು ಛೇ ಛೇ ಅಂದೆ.

ಎರಡು ವಾರ ಬಿಟ್ಟು ಕಿವಿಯವರು ಬಂದ್ರು. ಕೊನೇ ದವಡೆ ಹಲ್ಲು ಕೀಳಿಸೋಕೆ. ಅವರು ವಯಸ್ಸಾದವರು, ಗಂಭೀರ ಮನುಷ್ಯ, ನಿಮಗೆ ಗೊತ್ತಲ್ಲ. ಚಾವಣಿ ನೋಡ್ತಾ "ತಿಂಗಳ ಕೊನೆಗೆ ಮುಚ್ತೀನಿ ಅಮ್ಮ" ಅಂದ್ರು. ದೊಡ್ಡ ಕಂಪನಿಗಳು ಕಿವಿ ಯಂತ್ರ ಬಟಾಣಿ ಮಾರಿದ ಹಾಗೆ ಮಾರ್ತಾ ಇದ್ದಾವಂತೆ. ಇಪ್ಪತ್ತಾರು ಜನ ಕೆಲಸದವರು. ಅವರಿಗೆ ಹೇಗೆ ಹೇಳೋದು ಅಂತ ಅಭ್ಯಾಸ ಮಾಡ್ತಾ ಇದ್ದೀನಿ, ನಿಮ್ಮ ಮುಂದೆ ಒಂದು ಸಲ ಹೇಳಿ ನೋಡಲಾ ಅಂದ್ರು. ಹೇಳಿದ್ರು. "ನೀವೆಲ್ಲ ನನ್ನ ಮನೆಯವರಿದ್ದ ಹಾಗೆ" ಅನ್ನೋದರಲ್ಲಿ ನಿಂತುಹೋಯ್ತು. ಮಲಗಿದವರು ಅತ್ತರೆ ಕಣ್ಣೀರು ಕೆನ್ನೆಗೆ ಬರಲ್ಲ ಯಜಮಾನ್ರೇ, ಪಕ್ಕಕ್ಕೆ ಇಳಿದು ಕಿವಿಯೊಳಗೆ ಹೋಗುತ್ತೆ. ನಾನು ಹತ್ತಿಯಲ್ಲಿ ಒರೆಸಿದೆ. ಒರೆಸ್ತಾ ಒರೆಸ್ತಾ… "ನಿಮ್ಮ ಯಂತ್ರಕ್ಕೆ ಮನುಷ್ಯರ ಮಾತೇ ಯಾಕೆ ಬೇಕು, ಕಲ್ಲಂಗಡಿ ಮಾತು ಕೇಳಿಸ್ಕೊಳ್ಳೋಕೆ ಆಗಲ್ವಾ" ಅಂದುಬಿಟ್ಟೆ.

ನಾಲಿಗೆ ಜಾರಿತು ಅಂತ ಹೇಳಬಹುದು. ಜಾರಲಿಲ್ಲ. ಬೇಕಂತಲೇ ಹೇಳಿದೆ. ಮುಳುಗೋರು ಸಿಕ್ಕಿದ್ರೆ ತೇಲೋರ ಮಾತು ತೆಗೆದು ಕೊಡ್ತೀನಿ, ಅದು ನನ್ನ ಕೆಟ್ಟ ಚಾಳಿ. ನಿಮಗೆ ಹಾಲು ಕೊಟ್ಟೆ, ಅವರಿಗೆ ಕಲ್ಲಂಗಡಿ ಕೊಟ್ಟೆ. ವ್ಯತ್ಯಾಸ ಏನಂದ್ರೆ ಹಾಲು ಕಣ್ಣಿನವರು ಬೇಡ ಅಂತ ಬಿಟ್ಟದ್ದು, ಕಲ್ಲಂಗಡಿ ನೀವು ಬೇಕು ಅಂತ ಬಚ್ಚಿಟ್ಟದ್ದು. ಆ ವ್ಯತ್ಯಾಸ ಗೊತ್ತಿತ್ತು ನನಗೆ. ಗೊತ್ತಿದ್ದೂ ಹೇಳಿದೆ.

ಬೈಯಿರಿ. ನನಗೇನೂ ಬೇಜಾರಿಲ್ಲ.

…ಬೈಯೋದಾದ್ರೆ ಪೂರ್ತಿ ಕೇಳಿ ಬೈಯಿರಿ. ನಿಮ್ಮ ಹಲ್ಲು ಮುಗಿದು ಇಪ್ಪತ್ತು ನಿಮಿಷ ಆಯ್ತು. ಸುಮ್ಮನೆ ಪಾಲಿಶ್ ಮಾಡ್ತಾ ಇದ್ದೆ. ಒಳ್ಳೆ ಹಲ್ಲನ್ನ ಅಷ್ಟು ಉಜ್ಜಬಾರದು. ಅದಕ್ಕೆ ರಬ್ಬರ್ ತುಂಡೂ ಬೇಕಾಗಿರಲಿಲ್ಲ. ನಿಮ್ಮ ಬಾಯಿ ಖಾಲಿ ಇದ್ರೆ ನನಗೆ ಹೇಳೋಕೆ ಧೈರ್ಯ ಬರೋದಿಲ್ಲ ಅಂತ ಇಟ್ಟೆ. ರಬ್ಬರ್ ಇದ್ದಾಗಲೂ ಬರಲಿಲ್ಲ ನೋಡಿ.

ಒಂದು ಸಮಾಧಾನ ಅಂದ್ರೆ, ನೀವಂದುಕೊಂಡಷ್ಟು ನಷ್ಟ ಆಗಿಲ್ಲ. ಕಿವಿಯವರ ಯಂತ್ರ ಸರಿಯಿಲ್ಲ. ಕಾಯಿ ಯಾವುದು ಹಣ್ಣು ಯಾವುದು ಅಂತ ಹೇಳುತ್ತೆ, ಒಳಗೆ ಕೊಳೆತದ್ದನ್ನೂ ಭಾರಿ ಒಳ್ಳೆ ಹಣ್ಣು ಅಂತ ಹೇಳಿಬಿಡುತ್ತಂತೆ. ಶಬ್ದ ಒಂದೇ ಥರ ಬರುತ್ತಂತೆ. ಅದಕ್ಕೆ ಮೂಸಿ ನೋಡೋ ಯಂತ್ರವೇ ಬೇಕು, ಏನು ಮಾಡೋದು ಅಂತ ಮಂಗಳವಾರ ಹಲ್ಲು ಕ್ಲೀನ್ ಮಾಡಿಸೋಕೆ ಬಂದಾಗ ಹೇಳ್ತಾ ಇದ್ರು. "ಯಾರಿಗೂ ಹೇಳಬೇಡಿ ಅಮ್ಮ" ಅಂತ…

ನೋಡಿದ್ರಾ. ಮತ್ತೆ ಹೇಳಿಬಿಟ್ಟೆ. ತಪ್ಪು ಒಪ್ಕೊಳ್ತಾ ಒಪ್ಕೊಳ್ತಾನೇ ಹೇಳಿಬಿಟ್ಟೆ.

ಇರಲಿ, ಹೇಳಿ ಆಯ್ತು. ಅವರ ಹತ್ರ ಕಿವಿ ಇದೆ, ಮೂಗಿಲ್ಲ. ನಿಮ್ಮ ಹತ್ರ ಮೂಗಿದೆ, ಕಿವಿಯಿಲ್ಲ. ಒಂದು ಮಹಡಿ ಮೆಟ್ಟಿಲು ಅಷ್ಟೇ ಮಧ್ಯೆ. ನಾನು ಹಲ್ಲಿನ ಡಾಕ್ಟರು, ನನಗೇನು ಗೊತ್ತು.

ಈಗಲೂ ಮಾತಿಲ್ವಾ. ಅಯ್ಯೋ, ಕೋಪ ಬಂದ್ರೆ ಕೋಪ ಅನ್ನಿ. ನಾಳೆಯಿಂದ ಬೇರೆ ಡಾಕ್ಟರ ಹತ್ರ ಹೋಗ್ತೀನಿ ಅನ್ನಿ. ಹೋಗೋದಾದ್ರೆ ಮೂಲೆ ಅಂಗಡಿ ಮೇಲಿನವರ ಹತ್ರ ಹೋಗಬೇಡಿ, ಅವರ ಕೈ ನಡುಗುತ್ತೆ. ಅವರಿಗೂ ಅದು ಗೊತ್ತು, ನನ್ನ ಹತ್ರವೇ ಹೇಳಿದ್ರು.

…ಓ.

ಹಾಗಾ. ನೀವು ಮಾತಾಡೋಕಾಗದೆ ಸುಮ್ಮನಿರೋದಲ್ಲ. ಕೋಪಕ್ಕೂ ಅಲ್ಲ. ಇಲ್ಲಿ ಏನು ಹೇಳಿದ್ರೂ ಮೆಟ್ಟಿಲು ಹತ್ತಿ ಹೋಗುತ್ತೆ ಅಂತ. "ಹಲ್ಲು ಚೆನ್ನಾಗಿದೆ" ಅಂದ್ರೂ ಅದೂ ಎರಡನೇ ಮಹಡಿಗೆ ಹೋಗುತ್ತೆ ಅಂತ. ಇನ್ನು ಮೇಲೆ ಉದ್ದಣ್ಣನ ಹಾಗೆ ಹೂಂ, ಉಹೂಂ, ನಿದ್ದೆ.

ನ್ಯಾಯವೇ. ನ್ಯಾಯ ಅಲ್ಲ ಅಂತ ನಾನು ಹೇಳ್ತಾ ಇಲ್ಲ. ಸ್ವಲ್ಪ… ಏನೋ ಒಂಥರ ಆಗುತ್ತೆ ಅಷ್ಟೇ.

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತಾರೆ. ನನ್ನ ಬಾಯಿಂದ ನೀವಿಬ್ಬರು ಬದುಕಿದ್ರಿ. ನನ್ನ ಬಾಯಿಂದಲೇ ಒಬ್ಬ ಬಾಯೇ ಬಿಡದವನು ಹೋಗೋದು ಬೇಡ. ಅದಕ್ಕೆ ಇಷ್ಟೆಲ್ಲ ಹೇಳಿದ್ದು. ಒಂದು ಮಾತೂ ಆಡಬೇಡಿ ನೀವು. ಸುಮ್ಮನೆ ತಲೆ ಆಡಿಸಿ. ಉದ್ದಣ್ಣನ ಕೆಲಸ ಇರುತ್ತಾ?

…ಕೋಟಿನ ಜೇಬಿಗೆ ಯಾಕೆ ಕೈ ಹಾಕ್ತಾ ಇದ್ದೀರಿ? ಅದಾ ಪತ್ರ. ಎಲ್ಲಿಗೆ… ಅಲ್ಲಿ ಬೇಡ, ಅದು ಸೂಜಿ ಹಾಕೋ ಡಬ್ಬಿ. ಆ ಪಕ್ಕದ್ದು. ಹತ್ತಿ ಹಾಕೋದು. ಹಾಂ, ಅದರಲ್ಲಿ ಹಾಕಿ. ಹರಿದು ಹಾಕಿ. ಇನ್ನೂ ಸಣ್ಣಗೆ.

ದೇವರು ಒಳ್ಳೇದು ಮಾಡಲಿ. ಎರಡು ಗಂಟೆ ಬಲಗಡೆ ಅಗಿಯಬೇಡಿ. ನಾನು ಇದನ್ನ ಯಾರಿಗೂ ಹೇಳೋದಿಲ್ಲ.

…ಯಾಕೆ ಹಾಗೆ ನೋಡ್ತೀರಿ? ನಿಜವಾಗಲೂ ಯಾರಿಗೂ ಹೇಳೋದಿಲ್ಲ.

ಸರಿ, ಉದ್ದಣ್ಣನ ಹೆಂಡತಿಗೆ ಒಬ್ಬಳಿಗೆ.

ಸುಳ್ಳು ಯಾಕೆ ಹೇಳಲಿ, ನಿಮ್ಮ ಪತ್ರದ ವಿಷಯ ನನಗೆ ಹೇಳಿದವಳು ಟೈಪಿಸ್ಟ್ ಅಲ್ಲ. ಅವಳೇ. ಟೈಪಿಸ್ಟ್ ಅವಳಿಗೆ ಹೇಳಿದ್ಲಂತೆ, ಬೆಳಿಗ್ಗೆ ಹತ್ತಕ್ಕೆ ಇಲ್ಲಿಗೆ ಬಂದ್ಲು. ಹಲ್ಲು ನೋವು ಅಂದ್ಲು, ಬಾಯಿ ತೆಗೆಸಿ ನೋಡಿದೆ, ಯಾವ ಹಲ್ಲಿಗೂ ಏನೂ ಆಗಿರಲಿಲ್ಲ. "ನನ್ನ ಗಂಡ ತನ್ನ ಪರವಾಗಿ ಒಂದು ಮಾತೂ ಆಡೋದಿಲ್ಲ ಡಾಕ್ಟ್ರೇ, ನಿಮಗಾದ್ರೆ ಮಾತು ಬರುತ್ತೆ" ಅಂತ ಅತ್ಲು. ಅವಳು ಅಳೋವರೆಗೂ ನಾನು ಕಲ್ಲಂಗಡಿ ವಿಷಯ ಒಪ್ಕೊಳ್ಳೋ ಯೋಚನೆಯಲ್ಲೇ ಇರಲಿಲ್ಲ, ಅದನ್ನೂ ಹೇಳಿಬಿಡ್ತೀನಿ.

ಅವಳಿಗೆ ನಾನು ಹೋಗಿ ಹೇಳಬೇಕಾಗೂ ಇಲ್ಲ. ನಿಮ್ಮ ಹಿಂದಿನ ಎಕ್ಸ್‌ರೇ ರೂಮಿನಲ್ಲಿ ಕೂತಿದ್ದಾಳೆ. ಆ ಬಾಗಿಲು ಪೂರ್ತಿ ಹಾಕ್ಕೊಳ್ಳಲ್ಲ.

ಬಾಮ್ಮಾ, ಹೊರಗೆ ಬಾ, ಹೆದರ್ಕೋಬೇಡ. ಯಜಮಾನ್ರು ನಗ್ತಾ ಇದ್ದಾರೆ. ಅರ್ಧ ಬಾಯಲ್ಲಿ. ಇನ್ನರ್ಧ ಇನ್ನೂ ಮರಗಟ್ಟಿದೆ.